ಉಂಡ ಮನೆಗೆ ಒಂದು ಮೊಗ್ಗನ್ನೂ ಕೊಡದ ಗುಲಾಬಿಯವರಿಗೆ

ಮಾನ್ಯರೇ,

ಶಹಾಬಜಾರದ ಇಕ್ಕಟ್ಟು ಓಣಿಯಲ್ಲಿರುವ ನಮ್ಮ ಮನೆಯ ಮಾಳಿಗೆಯ ಮೇಲೆ, ನೀರಿನ ಟಾಕಿಯ ಪಕ್ಕದಲ್ಲಿ, ಅಂಚು ಒಡೆದ ದೊಡ್ಡ ಮಣ್ಣಿನ ಕುಂಡದೊಳಗೆ, ಬೆಳಗಿನ ಬಿಸಿಲನ್ನು ಮೊದಲು ತಾವು ಸವಿದು ಉಳಿದದ್ದನ್ನು ನಮ್ಮ ಹಪ್ಪಳ ಸಂಡಿಗೆಗಳಿಗೆ ಬಿಟ್ಟುಕೊಡುವ ಔದಾರ್ಯದಿಂದ ವಿರಾಜಮಾನರಾಗಿರುವ ಗುಲಾಬಿ ಗಿಡದವರ ಸನ್ನಿಧಿಗೆ, ಅದೇ ಮನೆಯ ಕೆಳಗೆ ವಾಸಿಸುವ, ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿರುವ, ಈ ಚಳಿಗಾಲವಿಡೀ ತಮಗೆ ಉಣ್ಣಿಸಿ ಉಣ್ಣಿಸಿ ಸೋತ ವಿಜಯಶ್ರೀ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿರುವುದು ತಮ್ಮ ಎಲೆಗಳ ಗಾತ್ರದಿಂದಲೇ ತಿಳಿದುಬರುತ್ತದೆ. ನಮ್ಮ ಕ್ಷೇಮವನ್ನು ತಾವಾಗಿ ವಿಚಾರಿಸುವ ಪದ್ಧತಿ ತಮ್ಮಲ್ಲಿಲ್ಲವಾದ್ದರಿಂದ ನಾನೇ ಅದನ್ನು ಸವಿಸ್ತಾರವಾಗಿ ಅರುಹಲು ಅಪ್ಪಣೆ ಬೇಡುತ್ತೇನೆ.

ಇದನ್ನು ತಮ್ಮ ಮುಂದೆ ನಿಂತು ಬಾಯಿಮಾತಿನಲ್ಲೇ ಹೇಳಬಹುದಿತ್ತು. ಹೇಳಿಯೂ ನೋಡಿದ್ದೇನೆ. ಆದರೆ ನಾನು ದನಿ ಎತ್ತಿದ ಕೂಡಲೇ ಕೆಳಗಿನಿಂದ ನಮ್ಮ ಅತ್ತೆಯವರಾದ ಭೀಮಬಾಯಿಯವರು, "ಯಾರ ಜೋಡಿ ಜಗಳಾಡ್ಲಾಕತ್ತೀ ವಿಜಯಿ? ಗಿಡದ ಜೋಡಿನಾ? ಯವ್ವಾ ಯವ್ವಾ, ಸಂಬಳ ತಗೊಳ್ಳೋರು ಹಿಂಗಾದ್ರ ಹ್ಯಾಂಗ!" ಎಂದು ಇಡೀ ಓಣಿಗೆ ಕೇಳುವಂತೆ ಮರುಗುತ್ತಾರೆ. ಮೇಲಾಗಿ ತಮಗೆ ಏನು ಉಣ್ಣಿಸಬೇಕೆಂದು ನನಗೆ ಬುದ್ಧಿ ಹೇಳದವರು ಈ ಓಣಿಯಲ್ಲಿ ಯಾರೂ ಉಳಿದಿಲ್ಲ. ಆದ್ದರಿಂದ ಎಲ್ಲರೂ ಓದಿಕೊಳ್ಳಲಿ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಶ್ರಮವಾದರೂ ತಪ್ಪಲಿ ಎಂಬ ದುರಾಸೆಯಿಂದ ಈ ಬಹಿರಂಗ ಪತ್ರ.

ತಾವು ಮೂಲತಃ ನಮ್ಮವರಲ್ಲ. ಪಕ್ಕದ ಮನೆಯ ಇಕ್ಬಾಲ್ ಬೇಗಂ, ಅಂದರೆ ಓಣಿಗೆಲ್ಲ ಅಕ್ಕನಂತೆ ಆಪಾ ಆಗಿರುವವರ ಅಂಗಳದವರು. ಅವರ ಯಜಮಾನರಾಗಿದ್ದ ಮಕ್ಸೂದ್ ಭಾಯಿಯವರು ನಮ್ಮೂರಿನ ರೋಜಾ ಬಡಾವಣೆಯ ಹತ್ತಿರ ಹೋಟೆಲ್ ನಡೆಸುತ್ತಿದ್ದರಂತೆ, ತಮ್ಮ ಹುಟ್ಟೂರು ಕಮಲಾಪುರದಿಂದ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಕುಂಡದಲ್ಲಿ ನೆಟ್ಟರಂತೆ, ಆ ಕಡ್ಡಿಯೇ ತಾವಂತೆ. ನಾವು ಈ ಓಣಿಗೆ ಬರುವ ಹೊತ್ತಿಗೆ ಅವರು ತೀರಿಕೊಂಡು ಕೆಲವು ವರ್ಷಗಳಾಗಿದ್ದರಿಂದ ಇದೆಲ್ಲ ಕೇಳಿ ತಿಳಿದದ್ದು. ನಾನು ಕಣ್ಣಾರೆ ಕಂಡದ್ದು ಇಷ್ಟೇ: ಪ್ರತಿ ಚಳಿಗಾಲದಲ್ಲಿ ತಾವು ಮೈತುಂಬ ಹೂ ಬಿಡುತ್ತಿದ್ದಿರಿ, ಸಂಕ್ರಾಂತಿ ದಾಟಿದ ಮೇಲೆ ಬರುವ ಮಕ್ಸೂದ್ ಭಾಯಿಯವರ ಬರ್ಸಿಗೆ, ಅಂದರೆ ಅವರು ತೀರಿಕೊಂಡ ದಿನಕ್ಕೆ, ಆಪಾ ಒಂದು ಹೂವನ್ನೂ ಉಳಿಸದೆ ಕೊಯ್ದು, ಬುಟ್ಟಿಯಲ್ಲಿ ತುಂಬಿಕೊಂಡು, ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ ಅವರ ಗೋರಿಗೆ ಹಾಕಿಸಿ ಬರುತ್ತಿದ್ದರು. ಬೇರೆ ಗಿಡದ ಹೂವು ಆ ಬುಟ್ಟಿಗೆ ಬಿದ್ದದ್ದನ್ನು ನಾನು ನೋಡಿಲ್ಲ.

ಈ ದೀಪಾವಳಿಯ ನಂತರ ಆಪಾ ಅವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ, ಆರೈಕೆಗೆಂದು ಕಮಲಾಪುರದಲ್ಲಿರುವ ಮಗಳು ಆಯೇಶಾಳ ಮನೆಗೆ ಹೊರಟು ನಿಂತಾಗ, ತಮ್ಮನ್ನು ನಮ್ಮ ಮಾಳಿಗೆಗೆ ಹೊರಿಸಿ, ನನ್ನ ಕೈ ಹಿಡಿದು, "ಈ ಸಲ ಅವರ ಹೂವು ನಿನ್ನ ಕೈಯಾಗ ಅದ ವಿಜಯಾ. ಬರ್ಸಿಗೆ ತರ್ತಿ ಅಲ್ಲ?" ಎಂದರು. "ಬುಟ್ಟಿ ತುಂಬ ತರ್ತೀನ್ರಿ ಆಪಾ, ನೀವು ಚಿಂತಿ ಮಾಡಬ್ಯಾಡ್ರಿ," ಎಂದು ನಾನು ಭಾರೀ ಗತ್ತಿನಿಂದ ಮಾತು ಕೊಟ್ಟೆ. ಆಟೋ ಹತ್ತುವ ಮುನ್ನ ಆಪಾ ಇನ್ನೊಂದು ಮಾತನ್ನೂ ಹೇಳಿದರು: "ಅದಕ್ಕ ಏನೂ ಹಾಕಬ್ಯಾಡ. ಬರೇ ನೀರು ಹಾಕು, ಸಾಕು."

ಮಾನ್ಯರೇ, ನನ್ನ ಸಕಲ ಅನರ್ಥಗಳಿಗೂ ಈ "ಸಾಕು" ಎಂಬುದೇ ಮೂಲ. ನಮ್ಮ ಕಲಬುರಗಿಯಲ್ಲಿ ಮನೆಗೆ ಬಂದವರು "ಸಾಕ್ರಿ" ಎಂದರೆ ಅದರರ್ಥ ಇನ್ನೊಂದು ರೊಟ್ಟಿ ಹಾಕಿ ಎಂದು. "ಖರೇನ ಸಾಕ್ರಿ" ಎಂದರೆ ಅರ್ಧ ರೊಟ್ಟಿ. ಎರಡೂ ಕೈಗಳನ್ನು ತಾಟಿನ ಮೇಲೆ ಅಡ್ಡ ಹಿಡಿದು ಎದ್ದು ನಿಂತರೆ ಬೆರಳಸಂದಿಯಿಂದ ಒಂದು ಚಮಚ ತುಪ್ಪ. ಇಷ್ಟನ್ನೂ ಮಾಡದೆ, ಸಾಕೆಂದ ಕೂಡಲೇ ಬಡಿಸುವುದನ್ನು ನಿಲ್ಲಿಸಿದ ಹೆಣ್ಣುಮಗಳಿಗೆ ಈ ಊರಿನಲ್ಲಿ ಮರ್ಯಾದೆಯಿಲ್ಲ. ಅಂಥದ್ದರಲ್ಲಿ ಆಪಾ ಸಂಕೋಚದವರು, ತಮ್ಮ ಗಿಡದ ಊಟದ ಭಾರ ನೆರೆಮನೆಯವರ ಮೇಲೆ ಬೀಳಬಾರದೆಂದು ಹಾಗೆ ಹೇಳಿದ್ದಾರೆ ಎಂದೇ ನಾನು ತಿಳಿದೆ. ನಮ್ಮ ತುಳಸಿಗೆ, ದಾಸವಾಳಕ್ಕೆ ವರ್ಷಕ್ಕೊಮ್ಮೆಯೂ ಗೊಬ್ಬರ ಹಾಕದ ನಾನು, ಅತಿಥಿಗಳಾದ ತಮಗೆ ಮಾತ್ರ ಮರುದಿನವೇ ಶೇಂಗಾ ಹಿಂಡಿ ನೆನೆಹಾಕಿದೆ.

ಹಿಂಡಿಯ ನೀರನ್ನು ತಾವು ಗಟಗಟನೆ ಕುಡಿದಿರಿ. ಎಂಥ ಸಂತೋಷವಾಯಿತೆಂದರೆ, ಕಚೇರಿಯಿಂದ ಬಂದವಳು ಕಾಲು ತೊಳೆಯುವ ಮುನ್ನವೇ ಮಾಳಿಗೆ ಹತ್ತಿ ತಮ್ಮ ಚಿಗುರುಗಳನ್ನು ನೋಡತೊಡಗಿದೆ. ಮೊಬೈಲಿನಲ್ಲಿ ಒಬ್ಬ ಮಹಾನುಭಾವರು ಸಗಣಿ, ಗಂಜಲ, ಬೆಲ್ಲ, ಕಡಲೆ ಹಿಟ್ಟು ಕಲಸಿ ಕೊಳೆಸಿದ ಜೀವಾಮೃತವನ್ನು ಹೊಗಳುತ್ತಿದ್ದರು, ಅದನ್ನೂ ಮಾಡಿದೆ. ಅದು ಕೊಳೆಯುತ್ತಿದ್ದ ದಿನಗಳಲ್ಲಿ ಹಿಂದಿನ ಮನೆಯವರು ನಮ್ಮ ಚರಂಡಿ ಕಟ್ಟಿಕೊಂಡಿದೆಯೆಂದು ನಗರಪಾಲಿಕೆಗೆ ಫೋನು ಮಾಡಿದರು, ಬಂದವರು ಚರಂಡಿಯನ್ನು ನೋಡಿ, ಅದು ಹರಿಯುತ್ತಿರುವುದನ್ನು ಕಂಡು, ಮೂಗು ಮುಚ್ಚಿಕೊಂಡೇ ತಿರುಗಿ ಹೋದರು. ನಾನು ಜೀವಾಮೃತದ ಬಕೆಟ್ಟಿನ ಮೇಲೆ ಕುಳಿತು ಹಪ್ಪಳ ಒಣಗಿಸುತ್ತಲೇ ಇದ್ದೆ.

ಅಷ್ಟರಲ್ಲಿ ಆಯೇಶಾಳ ಗಂಡ ಸಮೀವುಲ್ಲಾ, ತಮ್ಮನ್ನು ನೋಡಿಕೊಳ್ಳುತ್ತಿರುವ ಉಪಕಾರಕ್ಕೆಂದು, ಕಮಲಾಪುರದ ಕೆಂಪು ಬಾಳೆಯ ಒಂದು ಇಡೀ ಗೊನೆಯನ್ನು ಬಸ್ಸಿನಲ್ಲಿ ಕಳಿಸಿದರು. ಬಾಳೆಸಿಪ್ಪೆಯಿಂದ ಹೂವು ಹೆಚ್ಚುತ್ತದೆಂದು ಮೊಬೈಲಿನ ಮಹಾನುಭಾವರು ಆಗಲೇ ಹೇಳಿದ್ದರು. ಅದರಲ್ಲೂ ತಮ್ಮದೇ ಊರಿನ ಬಾಳೆ, ತವರಿನ ಊಟ! ಸಿಪ್ಪೆಯ ಅವಸರಕ್ಕೆ ಹಣ್ಣನ್ನು ಯಾರಾದರೂ ತಿನ್ನಬೇಕಲ್ಲ, ನಮ್ಮ ಯಜಮಾನರಾದ ಸೂರ್ಯಕಾಂತ ಅವರನ್ನು ಆ ಕಾರ್ಯಕ್ಕೆ ನಿಯೋಜಿಸಿದೆ. ಅವರು ಸ್ವಭಾವತಃ ಮೌನಿಗಳು. ಗೊನೆ ಅರ್ಧವಾಗುವ ಹೊತ್ತಿಗೆ ಅವರೂ ಬಾಯಿಬಿಟ್ಟು, "ನಾ ನಿನ್ನ ಗಂಡ ಇದ್ದೀನೋ, ಸಿಪ್ಪಿ ಸುಲಿಯೋ ಮಷೀನ್ ಇದ್ದೀನೋ, ಅದೊಂದು ಹೇಳಿಬಿಡು," ಎಂದು ಕೇಳಿದರು. ಉಳಿದ ಹಣ್ಣನ್ನು ಕಚೇರಿಗೆ ಒಯ್ದು ಎಲ್ಲರಿಗೂ ಹಂಚಿ, ಅವರು ತಿನ್ನುವವರೆಗೆ ಎದುರಿಗೇ ನಿಂತು, ಸಿಪ್ಪೆಯನ್ನು ಡಬ್ಬಿಯಲ್ಲಿ ವಾಪಸು ತೆಗೆದುಕೊಂಡೆ. ಸಾಹೇಬರ ಕೋಣೆಗೂ ಹೋದೆ. ಅವರು ಅರ್ಧ ತಿಂದು ಫೈಲು ನೋಡತೊಡಗಿದ್ದರಿಂದ, "ಮುಗಿಸಿಬಿಡ್ರಿ ಸರ್," ಎಂದೆ. ಇಪ್ಪತ್ತು ವರ್ಷಗಳ ನೌಕರಿಯಲ್ಲಿ ಗಳಿಸಿದ ಗೌರವವೆಲ್ಲ ಆ ಡಬ್ಬಿಯೊಳಗೆ ಹೋಯಿತೆಂದು ಸಹೋದ್ಯೋಗಿಗಳು ಇಂದಿಗೂ ನಗುತ್ತಾರೆ.

ಇನ್ನು ಎಳ್ಳಮಾವಾಸ್ಯೆಯ ದಿನದ ಸತ್ಕಾರವನ್ನು ತಾವು ಮರೆತಿರಲಾರಿರಿ. ನಮ್ಮ ಭಾಗದಲ್ಲಿ ಅಂದು ಹೊಲಕ್ಕೆ ಹೋಗಿ, ಕಾಳು ತರಕಾರಿಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಕಡಬು, ಹೋಳಿಗೆಗಳನ್ನು ಬೆಳೆಯ ನಡುವೆ ಚರಗ ಚೆಲ್ಲಿ ಭೂಮಿತಾಯಿಗೆ ಉಣ್ಣಿಸಿದ ಮೇಲೆಯೇ ನಾವು ಉಣ್ಣುವುದು. ಹೊಲದಿಂದ ತಿರುಗಿ ಬಂದ ಅತ್ತೆಯವರು ಉಳಿದ ಚರಗದ ಬುಟ್ಟಿಯನ್ನು ಹಿಡಿದುಕೊಂಡೇ ಮಾಳಿಗೆ ಹತ್ತಿದರು. "ಅಷ್ಟು ದೊಡ್ಡ ಹೊಲಕ್ಕ ಉಣಸಿ ಬಂದೀವಿ, ಈ ಒಂದ್ ಕುಂಡಕ್ಕ ಉಣಸಲಿಲ್ಲಂದ್ರ ಪಾಪ ಏನ್ ತಿಳ್ಕೊಂಡೀತು?" ಎಂದರು. ನಾನು ಡಿಗ್ರಿ ಓದಿದವಳು, ಬೇಡವೆನ್ನಬಹುದಿತ್ತು. ಅನ್ನಲಿಲ್ಲ, ಅತ್ತೆಯವರು ಒಂದು ಹಿಡಿ ಚೆಲ್ಲಿದರೆ ನಾನು ಎರಡು ಹಿಡಿ ಚೆಲ್ಲಿ, ಮೇಲೊಂದು ಶೇಂಗಾ ಹೋಳಿಗೆಯನ್ನು ಮುರಿದು ಹಾಕಿ, ಮಣ್ಣು ಎಳೆದು ಕೈಮುಗಿದೆ. ಆ ಭೋಜನಕ್ಕೆ ಓಣಿಯ ಸಮಸ್ತ ಇರುವೆಗಳೂ, ಮಾಳಿಗೆಯವರೆಗೆ ಯಾವ ದಾರಿಯಿಂದ ಬಂತೋ ತಿಳಿಯದ ಒಂದು ಹೆಗ್ಗಣವೂ ದಯಮಾಡಿಸಿದವು. ಹೆಗ್ಗಣವು ತಮ್ಮ ಬೇರಿನವರೆಗೆ ತೋಡಿ ಹೋಳಿಗೆಯನ್ನು ಪತ್ತೆಹಚ್ಚಿಕೊಂಡು ಹೋಯಿತು, ಭಜ್ಜಿಯನ್ನು ಮುಟ್ಟಲಿಲ್ಲ.

ಇಷ್ಟೆಲ್ಲದಕ್ಕೆ ತಾವು ಕೊಟ್ಟದ್ದು ಎಲೆ. ಎಂಥ ಎಲೆಗಳು ಮಾನ್ಯರೇ! ಅಂಗೈಯಗಲದ, ಕಪ್ಪುಹಸಿರಿನ, ಎಣ್ಣೆ ಹಚ್ಚಿದಂಥ ಎಲೆಗಳು. ಟಾಕಿಯನ್ನು ಮೀರಿ, ಬಟ್ಟೆ ಒಣಹಾಕುವ ತಂತಿಯನ್ನು ಹಿಡಿದು, ನಮ್ಮ ಯಜಮಾನರ ಎರಡು ಅಂಗಿಗಳನ್ನು ಮುಳ್ಳಿನಿಂದ ಹರಿದ ಕೊಂಬೆಗಳು. ಕೆಳಗಿನ ಎಲೆಗಳ ಅಂಚು ಮಾತ್ರ ಸುಟ್ಟಂತೆ ಕಂದಾಗಿ ಮುದುಡುತ್ತಿತ್ತು. ಅದನ್ನು ಹಸಿವೆಂದು ತಿಳಿದು ಇನ್ನಷ್ಟು ಹಾಕಿದೆ. ಊರ ಬೇಲಿಯ ಕಾಡುಗಿಡಗಳೂ ಚಳಿಗೆ ಹೂ ಬಿಟ್ಟವು, ಪಕ್ಕದ ಕುಂಡದಲ್ಲಿ ಯಾರೂ ಕೇಳದೆ ಬಿದ್ದಿದ್ದ ನಮ್ಮ ದಾಸವಾಳವೂ ಹೂ ಬಿಟ್ಟಿತು, ಅದೂ ನಾಚಿಕೆಯಿಲ್ಲದೆ ದಿನಾ ಬಿಟ್ಟಿತು. ತಾವೊಬ್ಬರೇ ಒಂದು ಸಾಸಿವೆಯಷ್ಟು ಮೊಗ್ಗನ್ನೂ ತೋರಿಸಲಿಲ್ಲ. ಉಂಡ ಮನೆಯ ಜಂತಿ ಎಣಿಸುವವರನ್ನು ಕಂಡಿದ್ದೆ. ತಾವು ಎಣಿಸುವುದೂ ಇಲ್ಲ, ನೇರವಾಗಿ ಜಂತಿಗೇ ಕೈ ಹಾಕುತ್ತೀರಿ.

ಅತ್ತ ಆಪಾ ಅವರ ಫೋನು ಬರುತ್ತಿತ್ತು. ತಮ್ಮ ಕಾಲಿನ ಮಾತನ್ನು ಎರಡು ವಾಕ್ಯದಲ್ಲಿ ಮುಗಿಸಿ, "ಗಿಡ ಹ್ಯಾಂಗದ ವಿಜಯಾ?" ಎನ್ನುವರು. "ಭಾಳ ಆರಾಮ ಅದರಿ," ಎನ್ನುವೆ, ಅದು ಸುಳ್ಳಲ್ಲ. "ಹೂವು?" ಎನ್ನುವರು. "ಇನ್ನೇನ್ರಿ ಆಪಾ, ಇವತ್ತೋ ನಾಳೆಯೋ," ಎನ್ನುವೆ. ಫೋನಿಟ್ಟ ಕೂಡಲೇ ಮತ್ತೆ ಮಾಳಿಗೆ ಹತ್ತಿ ತಮ್ಮ ಕೊಂಬೆಗಳನ್ನು ತಡಕುತ್ತಿದ್ದೆ. ಹೆಂಡತಿ ಗಂಡನಿಗೆ ವರ್ಷಕ್ಕೊಮ್ಮೆ ಕೊಡುವ ಹೂವು ಅದು, ಅದನ್ನು ತಪ್ಪಿಸುವ ಪುಣ್ಯ ನನ್ನ ಪಾಲಿಗೆ ಬರುತ್ತಿತ್ತು. ಬರ್ಸಿ ಹತ್ತಿರವಾದಂತೆ ನಿದ್ದೆ ಹತ್ತಲಿಲ್ಲ, ತಮ್ಮ ಹತ್ತಿರ ಬಂದು ಕೈಮುಗಿದು, ಒಂದು, ಒಂದೇ ಒಂದು ಎಂದು ಬೇಡಿಕೊಂಡದ್ದಕ್ಕೆ ತಾವೇ ಸಾಕ್ಷಿ.

ಕೊನೆಗೆ ನಾನು ಮಾಡಿದ್ದನ್ನು ಬರೆಯಲು ಪೆನ್ನು ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಬರ್ಸಿಯ ದಿನ ಬೆಳಿಗ್ಗೆ ತಮ್ಮ ಎಲೆಯ ದೊಡ್ಡ ಕೊಂಬೆಯೊಂದನ್ನು ಕತ್ತರಿಸಿದೆ. ರೋಜಾ ಬಡಾವಣೆಯ ಹೂವಿನ ಅಂಗಡಿಗೆ ಹೋಗಿ ಗುಲಾಬಿ ತಂದೆ. ಹಸಿರು ದಾರದಿಂದ ಒಂದೊಂದು ಹೂವನ್ನೂ ತಮ್ಮ ಕೊಂಬೆಯ ತುದಿಗಳಿಗೆ, ಎಲೆಯ ಮರೆಯಲ್ಲಿ ಗಂಟು ಕಾಣದಂತೆ ಕಟ್ಟಿದೆ. ಕಚೇರಿಯಲ್ಲಿ ಇತರರ ಖೊಟ್ಟಿ ದಾಖಲೆಗಳನ್ನು ಕಣ್ಣುಮುಚ್ಚಿ ಹಿಡಿಯುವ ನನಗೆ ನನ್ನ ಖೊಟ್ಟಿ ಕೆಲಸ ಬಹಳ ಚೆನ್ನಾಗಿ ಬಂದಿದೆಯೆಂದೇ ಅನಿಸಿತು. ಕಮಲಾಪುರದ ಮೇಲೆ ಹಾಯುವ ಹುಮನಾಬಾದ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಾಗ ಪಕ್ಕದ ಹೆಣ್ಣುಮಗಳು, "ಎಷ್ಟ್ ಛಂದ ಬಿಟ್ಟದ್ರಿ ನಿಮ್ಮ ಗಿಡ, ಏನ್ ಗೊಬ್ಬರ ಹಾಕ್ತೀರಿ?" ಎಂದು ಕೇಳಿದಳು. ನಾನು ಶೇಂಗಾ ಹಿಂಡಿ ಎಂದು ಹೇಳಿದೆ.

ಹೆಂಗಸರು ಒಳಗೆ ಹೋಗುವ ರೂಢಿಯಿಲ್ಲದ ಕಮಲಾಪುರದ ಖಬರಸ್ತಾನದ ಹೊರಗೆ, ತಗ್ಗು ಗೋಡೆಯ ಪಕ್ಕ, ಬೇವಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಆಪಾ ಕಾಲು ಚಾಚಿ ಕುಳಿತಿದ್ದರು. ಅಲ್ಲಿಂದ ಮಕ್ಸೂದ್ ಭಾಯಿಯವರ ಗೋರಿ ಕಾಣುತ್ತದೆ. ಸಮೀವುಲ್ಲಾ ಒಳಗೆ ಹೋಗಲು ಟೋಪಿ ಹಾಕಿಕೊಂಡು ನಿಂತಿದ್ದರು. ನಾನು ಕೊಂಬೆಯನ್ನು ಕೊಟ್ಟೆ. ಆಪಾ ಮೂಗಿನ ಹತ್ತಿರ ಹಿಡಿದರು, ಒಂದು ಹೂವನ್ನು ಬೆರಳಿನಿಂದ ಸ್ವಲ್ಪ ತಿರುವಿದರು, ದಾರ ಬಿಚ್ಚಿಕೊಂಡಿತು. ನನ್ನ ಮುಖ ಏನಾಗಿತ್ತೋ ಏನೋ, ಭೂಮಿ ಬಾಯಿಬಿಟ್ಟಿದ್ದರೆ ಅಲ್ಲೇ ಖಬರಸ್ತಾನದಲ್ಲೇ ಇಳಿದುಬಿಡುತ್ತಿದ್ದೆ. "ಏನ್ ಹಾಕಿದಿ ಅದಕ್ಕ?" ಎಂದರು. ಒಂದನ್ನೂ ಬಿಡದೆ ಹೇಳಿದೆ. ಹಿಂಡಿ, ಜೀವಾಮೃತ, ಬಾಳೆ, ಸಾಹೇಬರ ಅರ್ಧ ಸಿಪ್ಪೆ, ಹೋಳಿಗೆ. ಹೋಳಿಗೆಯವರೆಗೆ ಬಂದಾಗ ಆಪಾ ನಗತೊಡಗಿದರು. ಕುರ್ಚಿ ಅಲುಗಾಡುವಷ್ಟು ನಕ್ಕರು.

"ಅರೇ ದೀವಾನಿ, ಹುಚ್ಚಿ," ಎಂದರು, "ಇವರೂ ಹಿಂಗೇ ಮಾಡ್ತಿದ್ರು. ಹೋಟೆಲ್ದಾಗ ಮಟನ್ ತೊಳದ ನೀರು ದಿನಾ ಡಬ್ಬಿದಾಗ ತಗೊಂಡ ಬಂದು ಹಾಕ್ತಿದ್ರು. ಎಲಿ ನೋಡಿದ್ರ ಇಷ್ಟಿಷ್ಟು ದೊಡ್ಡವು, ಹೂವು ಒಂದೂ ಇಲ್ಲ. ಈ ಸಲ ಬಿಡ್ತದ ಬೇಗಂ, ಈ ಸಲ ಖಂಡಿತ ಬಿಡ್ತದ ಅಂತಿದ್ರು. ಗೊಡ್ಡ ಗಿಡ, ಕಿತ್ತ ಒಗೀರಿ ಅಂತ ನಾ ಜಗಳಾಡ್ತಿದ್ದೆ. ಅವರು ಹೋದ ಮ್ಯಾಲ ಹೋಟೆಲ್ ಬಂದ್ ಆತು. ನನಗ ನನ್ನ ಊಟಾನೇ ನೆನಪಿರ್ತಿರ್ಲಿಲ್ಲ, ಗಿಡಕ್ಕ ಯಾರು ಹಾಕ್ತಾರ? ಮುಂದಿನ ಥಂಡಿಗೆ ನೋಡ್ತೀನಿ, ಮೈತುಂಬ ಹೂವು. ಎಷ್ಟ್ ಸಿಟ್ಟ ಬಂತಂತಿ ನನಗ! ಅವರು ಒಂದ್ ಹೂವೂ ನೋಡ್ಲಿಲ್ಲ ವಿಜಯಾ. ಅದಕ್ಕ ಎಲ್ಲಾ ಕೊಯ್ಕೊಂಡ ಬಂದು ಇಲ್ಲೇ ಹಾಕಿಸ್ತೀನಿ. ನೋಡ್ಲಿ ಅಂತ."

ಹೇಳುತ್ತ ಹೇಳುತ್ತ ಆಪಾ ನಾನು ಕಟ್ಟಿದ ಹೂವುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ತೆಗೆದು, "ಇವನ್ನ ಆಜೂಬಾಜೂದವರ ಗೋರಿಗೆ ಹಾಕಪ್ಪಾ," ಎಂದು ಸಮೀವುಲ್ಲಾ ಅವರ ಕೈಗೆ ಕೊಟ್ಟರು. ಬರಿಯ ಎಲೆಯ ಕೊಂಬೆಯನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಂಡರು. ಅದರ ಮೇಲೆ ಕೈಯಾಡಿಸಿದರು. "ಇದು ಅವರ ಗಿಡ. ಅವರ ಕೈಯಾಗ ಇದ್ದಾಗ ಹಿಂಗೇ ಇತ್ತು," ಎಂದು ಅದನ್ನೂ ಕೊಟ್ಟು, ಅದು ಗೋರಿಯ ಮೇಲೆ ಬಿದ್ದದ್ದನ್ನು ನೋಡಿದ ಮೇಲೆ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ನಾನೂ ಅತ್ತುಬಿಟ್ಟೆ. ನಾನು ಮಕ್ಸೂದ್ ಭಾಯಿಯವರನ್ನು ಕಂಡವಳೇ ಅಲ್ಲ, ಆದರೂ ಡಬ್ಬಿ ಹಿಡಿದು ಓಣಿಯಲ್ಲಿ ಬರುತ್ತಿದ್ದ ಆ ಮನುಷ್ಯ ನನ್ನ ಸ್ವಂತ ಅಣ್ಣನೆಂದೇ ಅನಿಸಿತು.

ಈಗ ನನ್ನ ದೂರಿಗೆ ಬರುತ್ತೇನೆ. ಇಷ್ಟೆಲ್ಲ ತಮಗೆ ಮೊದಲೇ ಗೊತ್ತಿತ್ತು. ಒಬ್ಬರಿಂದ ವರ್ಷಗಟ್ಟಲೆ ಉಂಡು ಅನುಭವವಿದ್ದ ತಾವು, ಎರಡನೆಯವಳು ಅದೇ ದಾರಿ ಹಿಡಿದಾಗ ಒಂದು ಮುಳ್ಳನ್ನಾದರೂ ಚುಚ್ಚಿ ತಿಳಿಸಬಹುದಿತ್ತು. ಬಕೆಟ್ಟು ಎತ್ತುವಾಗ ನಾಲ್ಕಾರು ಸಲ ಚುಚ್ಚಿದ್ದೀರಿ, ನಿಜ, ಅದನ್ನು ನಾನು ಪ್ರೀತಿಯೆಂದು ತಿಳಿದೆ. ಆದ್ದರಿಂದ ಇನ್ನು ಮುಂದೆ ತಮಗೆ ಹಸಿವಾದಲ್ಲಿ ಲಿಖಿತವಾಗಿ ತಿಳಿಸಬೇಕು, ಹೊಟ್ಟೆ ತುಂಬಿದಲ್ಲಿ ಎರಡು ಎಲೆಗಳನ್ನು ಅಡ್ಡ ಹಿಡಿದು ಎದ್ದು ನಿಲ್ಲಬೇಕು, ಮತ್ತು ಸಾಧ್ಯವಿದ್ದಲ್ಲಿ ಮಕ್ಸೂದ್ ಭಾಯಿಯವರು ಬದುಕಿದ್ದ ಯಾವುದಾದರೊಂದು ಚಳಿಗಾಲಕ್ಕೆ ಹಿಂದಿನ ತಾರೀಖು ಹಾಕಿ ಒಂದು ಹೂವನ್ನು ಮಂಜೂರು ಮಾಡಬೇಕೆಂದು ಕೋರುತ್ತೇನೆ. ಕೊನೆಯದು ನಿಯಮದಲ್ಲಿಲ್ಲವೆಂದು ನನಗೂ ಗೊತ್ತು. ನಮ್ಮ ಕಚೇರಿಯಲ್ಲಿ ನಿಯಮದಲ್ಲಿಲ್ಲದ್ದು ಎಷ್ಟೋ ಆಗುತ್ತದೆ.

ನಾನು ಈಗ ಬರೇ ನೀರು ಹಾಕುತ್ತಿದ್ದೇನೆ. ಅದೆಷ್ಟು ಕಷ್ಟವೆಂದು ತಮಗೆ ತಿಳಿಯದು. ಚಹಾ ಸೋಸಿದ ಪುಡಿ, ಬೇಳೆ ತೊಳೆದ ನೀರು ಕೈಯಲ್ಲಿ ಹಿಡಿದು ಮೆಟ್ಟಿಲವರೆಗೆ ಬಂದು ತಿರುಗಿ ಹೋಗುತ್ತೇನೆ. ಅತ್ತೆಯವರು ಮಾತ್ರ, "ಗಿಡದ ಮುಖ ನೋಡಲೇ, ಹ್ಯಾಂಗ ಸೊರಗ್ಯಾದ," ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಹೋಳಿ ಹುಣ್ಣಿಮೆ ಹತ್ತಿರವಾಗುತ್ತಿದೆ, ಅಂದು ಮತ್ತೆ ಹೋಳಿಗೆ ಮಾಡುವ ಅವರನ್ನು ಮಾಳಿಗೆ ಹತ್ತದಂತೆ ತಡೆಯುವ ಜವಾಬ್ದಾರಿಯನ್ನು ನಮ್ಮ ಯಜಮಾನರಿಗೆ ವಹಿಸಿದೆ.

ಇನ್ನೂ ತಮ್ಮ ಮೇಲೆ ಒಂದಿಷ್ಟು ಸಿಟ್ಟು ಉಳಿಸಿಕೊಂಡಿರುವ,

ತಮ್ಮ ವಿಶ್ವಾಸಿ,
ವಿಜಯಶ್ರೀ
ಶಹಾಬಜಾರ, ಕಲಬುರಗಿ

ತಾ.ಕ.: ಇಂದು ಮುಂಜಾನೆ ತಮ್ಮ ತುದಿಯ ಕೊಂಬೆಯೊಂದರಲ್ಲಿ ಕೆಂಪಗೆ ಏನೋ ಕಾಣುತ್ತಿದೆ. ಗುಲಾಬಿಯ ಎಳೆ ಚಿಗುರೂ ಮೊದಮೊದಲು ಕೆಂಪಗೇ ಇರುವುದರಿಂದ ಅದು ಎಲೆಯೋ ಮೊಗ್ಗೋ ಹೇಳಲಾರೆ, ಕನ್ನಡಕ ಹಾಕಿಕೊಂಡು ನೋಡುವ ಧೈರ್ಯವೂ ಆಗಿಲ್ಲ. ಮೊಗ್ಗೇ ಆಗಿದ್ದಲ್ಲಿ ಅರಳುವ ಮುನ್ನ ತಾವು ತಿಳಿದಿರಬೇಕಾದ್ದು ಇಷ್ಟು: ತಮ್ಮ ಹೂವುಗಳ ಬುಟ್ಟಿ ಹಿಡಿದು ಆಪಾ ಬಸ್ಸಿಗೆ ಹೋಗುವುದನ್ನು ನಾನು ಪ್ರತಿ ವರ್ಷ ನೋಡಿದ್ದೇನೆ, ರೇಷನ್ ಅಂಗಡಿಗೆ ಹೋದಂತೆ ಹೋಗಿ ಬರುತ್ತಿದ್ದರು. ಅವರು ಅತ್ತದ್ದನ್ನು ನಾನು ಕಂಡದ್ದು ತಮ್ಮ ಎಲೆಗಳಿಗೆ ಮಾತ್ರ. ಇನ್ನು ತಮ್ಮ ಇಷ್ಟ.